ಗಂಟು ಸರ್ಕಾರದ ಕೈಲಿ, ಚುನಾವಣೆ ಯಾರ ಕೈಲಿ?

ಬೆಂಗಳೂರಿನ ತರುಣ ತರುಣಿಯರೇ, ಒಂದು ಸಣ್ಣ ಲೆಕ್ಕ. ಬೆರಳು ಮಡಚಿ ಎಣಿಸಿ ನೋಡಿ.

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಸಲ ಮತದಾನ ನಡೆದದ್ದು 2015ರ ಆಗಸ್ಟ್ 22ರಂದು. ಅಂದು ನಿಮಗೆ 17 ತುಂಬಿತ್ತು ಎಂದಿಟ್ಟುಕೊಳ್ಳಿ. ಮತ ಹಾಕುವ ವಯಸ್ಸಲ್ಲ, ಮುಂದಿನ ಸಲ ಹಾಕಿದರಾಯಿತು ಎಂದುಕೊಂಡಿರಿ. 2020ರ ಸೆಪ್ಟೆಂಬರ್ 10ಕ್ಕೆ ಆ ಪಾಲಿಕೆಯ ಅವಧಿ ಮುಗಿಯಿತು. ಮೇಯರ್ ಎದ್ದು ಹೋದರು, ಆಡಳಿತಾಧಿಕಾರಿ ಬಂದು ಕೂತರು. 2021 ಹೋಯಿತು. 2022, 2023, 2024 ಹೋದವು. 2025ರ ಡಿಸೆಂಬರ್ ಕೂಡ ಮುಗಿಯಿತು. ಅಷ್ಟೊತ್ತಿಗೆ ನಿಮಗೆ 27. ಓದು ಮುಗಿಸಿದಿರಿ, ಕೆಲಸ ಹಿಡಿದಿರಿ, ಕೆಲವರಿಗೆ ಮದುವೆಯೂ ಆಯಿತು. ಆದರೆ ನಿಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಹೋಗಿ ಬಾಗಿಲು ಬಡಿಯಬಹುದಾದ ಒಬ್ಬ ಕಾರ್ಪೊರೇಟರನ್ನು ಆರಿಸುವ ಭಾಗ್ಯ ಆ ಹತ್ತು ವರ್ಷದಲ್ಲಿ ಒಮ್ಮೆಯೂ ನಿಮಗೆ ಬರಲಿಲ್ಲ.

ಇದು ಬೆಂಗಳೂರಿನ ಕತೆ ಮಾತ್ರವಲ್ಲ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವುಗಳ ಅವಧಿ 2021ರಲ್ಲೇ ತೀರಿತು. 2025 ಮುಗಿದರೂ ಹೊಸ ಸದಸ್ಯರು ಬರಲಿಲ್ಲ. ಮೈಸೂರು ಮಹಾನಗರ ಪಾಲಿಕೆಯ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಅಲ್ಲಿಗೂ ಆಡಳಿತಾಧಿಕಾರಿಯೇ ಬಂದರು.

ಎಂಥ ವಿಪರ್ಯಾಸ ನೋಡಿ! ಇಡೀ ಭಾರತದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ಶುರುವಾದ, ರಾಜ್ಯ ಸರ್ಕಾರದ್ದೇ ಆದ ಮೈಸೂರು ಪೇಂಟ್ಸ್ ಕಾರ್ಖಾನೆ 1962ರಿಂದ ಆ ಶಾಯಿಯನ್ನು ದೇಶಕ್ಕೆಲ್ಲ ಕಳಿಸುತ್ತಿದೆ. ಮತಯಂತ್ರ ತಯಾರಿಸುವ ದೇಶದ ಎರಡು ಕಂಪನಿಗಳಲ್ಲಿ ಒಂದಾದ ಬಿಇಎಲ್ ಇರುವುದು ನಮ್ಮ ಬೆಂಗಳೂರಿನಲ್ಲಿ. ಶಾಯಿ ನಮ್ಮದು, ಯಂತ್ರ ನಮ್ಮದು. ದೇಶಕ್ಕೆಲ್ಲ ಚುನಾವಣೆ ಮಾಡಿಸಿಕೊಡುವ ಈ ಎರಡು ಊರುಗಳಿಗೇ ವರ್ಷಗಟ್ಟಲೆ ಚುನಾವಣೆ ಇಲ್ಲ!

ಏಕೆ ಹೀಗೆ ಎಂದು ಮಂತ್ರಿ ಮಹೋದಯರನ್ನು ಕೇಳಿದರೆ ಪಾಠ ಒಪ್ಪಿಸುತ್ತಾರೆ. ವಾರ್ಡ್ ವಿಂಗಡಣೆ ಆಗಬೇಕು, ಮೀಸಲಾತಿ ಪಟ್ಟಿ ಆಗಬೇಕು, ಕೋರ್ಟಿನಲ್ಲಿ ಕೇಸಿದೆ. ಈ ಮಾತುಗಳು ನಮಗೂ ಬಾಯಿಪಾಠವಾಗಿವೆ. ಆದರೆ ಇವೆಲ್ಲದರ ಹಿಂದೆ ಇನ್ನೊಂದು ಸಂಗತಿ ಸದ್ದಿಲ್ಲದೆ ಕೂತಿದೆ. ಅದನ್ನು ಯಾರೂ ಭಾಷಣದಲ್ಲಿ ಎತ್ತುವುದಿಲ್ಲ. ಅದು ಹಣದ ಗಂಟು. ಸ್ಥಳೀಯ ಚುನಾವಣೆ ನಡೆಸುವ ಆಯೋಗಕ್ಕೆ ತನ್ನದೇ ಆದ ಗಂಟಿಲ್ಲ. ಆ ಗಂಟು ಯಾರ ಕೈಲಿದೆಯೋ ಅವರಿಗೆ ಚುನಾವಣೆ ಬೇಕಿಲ್ಲ. ಇಂದಿನ ಮಾತೆಲ್ಲ ಇದರ ಬಗ್ಗೆಯೇ.

ಹಲ್ಲು ಕಿತ್ತ ಹಾವು

1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. ಅದಕ್ಕೂ ಮೊದಲೇ ಕರ್ನಾಟಕ ದಾರಿ ತೋರಿಸಿತ್ತು. ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬರ ಕನಸಿನಂತೆ 1987ರಲ್ಲೇ ಇಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಿತ್ತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. ದೇಶ ಆಮೇಲೆ ಕಲಿತದ್ದನ್ನು ನಾವು ಮೊದಲೇ ಮಾಡಿದ್ದೆವು.

ತಿದ್ದುಪಡಿ ಹೇಳಿದ್ದೇನು? ಪಂಚಾಯಿತಿ, ನಗರಸಭೆಗಳ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಅದನ್ನು ನಡೆಸಲು ಪ್ರತಿ ರಾಜ್ಯದಲ್ಲೂ ಒಂದು ರಾಜ್ಯ ಚುನಾವಣಾ ಆಯೋಗ ಇರಬೇಕು. ಆ ಆಯುಕ್ತರನ್ನು ಕಿತ್ತುಹಾಕಬೇಕೆಂದರೆ ಹೈಕೋರ್ಟ್ ನ್ಯಾಯಾಧೀಶರನ್ನು ತೆಗೆಯುವಷ್ಟೇ ಕಷ್ಟಪಡಬೇಕು. ಕಾಗದದ ಮೇಲೆ ಎಂಥ ಗಟ್ಟಿ ಏರ್ಪಾಡು! 2006ರಲ್ಲಿ ಅಹಮದಾಬಾದ್ ಪಾಲಿಕೆಯ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಬಿಗಿ ಮಾಡಿತು. ದಿಲ್ಲಿಯ ಚುನಾವಣಾ ಆಯೋಗಕ್ಕೆ ಲೋಕಸಭೆ, ವಿಧಾನಸಭೆಗಳ ವಿಷಯದಲ್ಲಿ ಎಷ್ಟು ಅಧಿಕಾರವೋ, ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ರಾಜ್ಯ ಆಯೋಗಕ್ಕೂ ಅಷ್ಟೇ ಅಧಿಕಾರ. ಅದರ ಮಾತನ್ನು ಸರ್ಕಾರ ಕೇಳಲೇಬೇಕು ಎಂದಿತು.

ಆದರೆ 243ಕೆ ವಿಧಿಯನ್ನು ಕಣ್ಣಿಟ್ಟು ಓದಿ. ಆಯೋಗ ಕೇಳಿದಾಗ ರಾಜ್ಯಪಾಲರು ಸಿಬ್ಬಂದಿಯನ್ನು ಒದಗಿಸಬೇಕು ಎಂದು ಅಲ್ಲಿದೆ. ರಾಜ್ಯಪಾಲರು ಎಂದರೆ ವ್ಯವಹಾರದಲ್ಲಿ ರಾಜ್ಯ ಸರ್ಕಾರ. ಹಣ? ಹಣದ ಬಗ್ಗೆ ಆ ವಿಧಿ ತುಟಿ ಬಿಚ್ಚುವುದಿಲ್ಲ.

ಕರ್ನಾಟಕ ಲೋಕಸೇವಾ ಆಯೋಗವನ್ನು ಇದರ ಪಕ್ಕ ಇಟ್ಟು ನೋಡಿ. ಸರ್ಕಾರಿ ಕೆಲಸಕ್ಕೆ ಪರೀಕ್ಷೆ ನಡೆಸುವ ಆ ಸಂಸ್ಥೆಯ ಖರ್ಚು ಸಂವಿಧಾನದ 322ನೇ ವಿಧಿಯ ಪ್ರಕಾರ ರಾಜ್ಯದ ಸಂಚಿತ ನಿಧಿಯ ಮೇಲೆ ‘ಪ್ರಭೃತ’. ಹಾಗೆಂದರೆ ಆ ಹಣವನ್ನು ವಿಧಾನಸಭೆಯ ಮತಕ್ಕೆ ಹಾಕುವಂತಿಲ್ಲ. ಚರ್ಚೆ ಮಾಡಬಹುದು, ಕತ್ತರಿ ಹಾಕುವ ಹಾಗಿಲ್ಲ. ಹೈಕೋರ್ಟ್ ನ್ಯಾಯಾಧೀಶರ ಸಂಬಳಕ್ಕೂ ಇದೇ ರಕ್ಷಣೆ. ಗುಮಾಸ್ತರನ್ನು, ಇನ್ಸ್‌ಪೆಕ್ಟರುಗಳನ್ನು ಆರಿಸುವ ಆಯೋಗಕ್ಕೆ ಸಂವಿಧಾನ ಈ ರಕ್ಷಾಕವಚ ತೊಡಿಸಿದೆ. ನಮ್ಮನ್ನು ಆಳುವವರನ್ನು ಆರಿಸಿಕೊಡುವ ರಾಜ್ಯ ಚುನಾವಣಾ ಆಯೋಗಕ್ಕೆ ತೊಡಿಸಿಲ್ಲ!

ಕೊಡುವವನೂ ಅವನೇ, ತಡೆಯುವವನೂ ಅವನೇ

ಲೋಕಸಭೆ ಚುನಾವಣೆಯ ಖರ್ಚು ಕೇಂದ್ರದ್ದು. ವಿಧಾನಸಭೆಯದು ರಾಜ್ಯದ್ದು. ಎರಡೂ ಒಟ್ಟಿಗೆ ನಡೆದರೆ ಅರ್ಧ ಅರ್ಧ. ಈ ಎರಡನ್ನೂ ನಡೆಸುವುದು ದಿಲ್ಲಿಯ ಆಯೋಗ. ದಿನಾಂಕ ಹೇಳಿತೆಂದರೆ ಮುಗಿಯಿತು. ಯಾವ ಮುಖ್ಯಮಂತ್ರಿಗೂ ‘ಈ ವರ್ಷ ಕಾಸಿಲ್ಲ, ಮುಂದಿನ ವರ್ಷ ನೋಡೋಣ’ ಎನ್ನುವ ಧೈರ್ಯ ಬರುವುದಿಲ್ಲ.

ಸ್ಥಳೀಯ ಚುನಾವಣೆಗೆ ಬಂದರೆ ನ್ಯಾಯವೇ ಬೇರೆ. ಬಜೆಟ್ ಪುಸ್ತಕದಲ್ಲಿ ‘2015 – ಚುನಾವಣೆಗಳು’ ಎಂಬ ಲೆಕ್ಕಶೀರ್ಷಿಕೆ ಇದೆ. ಅದು ಇಸವಿಯಲ್ಲ, ಬಾಬತ್ತಿನ ಸಂಖ್ಯೆ. ಪಂಚಾಯಿತಿ, ನಗರಸಂಸ್ಥೆಗಳ ಚುನಾವಣೆಗೆ ಹಣ ಬರಬೇಕಾದದ್ದು ಅದರಡಿಯಲ್ಲಿ. ಆಯೋಗ ಪ್ರಸ್ತಾವ ಬರೆಯಬೇಕು, ಸರ್ಕಾರ ಒಪ್ಪಬೇಕು, ಆರ್ಥಿಕ ಇಲಾಖೆ ಬಿಡುಗಡೆ ಮಾಡಬೇಕು. ಮತಪತ್ರದ ಮುದ್ರಣ, ಮತಪೆಟ್ಟಿಗೆಯ ಸಾಗಾಣಿಕೆ, ಮತಗಟ್ಟೆಗೆ ಹೋಗುವ ಮೇಷ್ಟ್ರುಗಳ ಭತ್ಯೆ, ಬಸ್ಸಿನ ಬಾಡಿಗೆ, ಬಂದೋಬಸ್ತು, ಎಣಿಕೆ ಕೇಂದ್ರ, ಎಲ್ಲಕ್ಕೂ ಕಾಸು ಬೇಕು. ಕೆಲಸ ಮಾಡುವ ಜಿಲ್ಲಾಧಿಕಾರಿ, ತಹಸೀಲ್ದಾರ್, ಶಿಕ್ಷಕರು, ಪೊಲೀಸರು ಎಲ್ಲರೂ ಸರ್ಕಾರದ ಸಂಬಳದವರು. ಚುನಾವಣೆ ಮುಗಿದ ಮರುದಿನ ಅವರ ವರ್ಗಾವಣೆಯ ಕಾಗದಕ್ಕೆ ಸಹಿ ಹಾಕುವುದು ಆಯೋಗವಲ್ಲ.

ಚುನಾವಣೆ ಮುಂದೆ ಹೋದರೆ ಲಾಭ ಯಾರಿಗೆ? ಕಾರ್ಪೊರೇಟರ್ ಇಲ್ಲದ ವಾರ್ಡಿನಲ್ಲಿ ಶಾಸಕನೇ ದೊರೆ. ಕಾಮಗಾರಿ ಅವನ ಮಾತಿನಂತೆ, ಗುತ್ತಿಗೆದಾರ ಅವನ ಮನೆ ಬಾಗಿಲಲ್ಲಿ. ಜಿಲ್ಲಾ ಪಂಚಾಯಿತಿ ಅಧ್ಯಕ್ಷರಿಲ್ಲದ ಜಿಲ್ಲೆಯಲ್ಲಿ ಉಸ್ತುವಾರಿ ಮಂತ್ರಿಯ ದರ್ಬಾರು. ಅಂದರೆ ಹಣ ಕೊಡಬೇಕಾದವನೂ ಅವನೇ, ತಡವಾದರೆ ಉಣ್ಣುವವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇದು ಬರೀ ಊಹೆಯ ಮಾತಲ್ಲ. ಪಕ್ಕದ ಆಂಧ್ರಪ್ರದೇಶದಲ್ಲಿ 2020ರಲ್ಲಿ ಏನಾಯಿತು ನೋಡಿ. ಅಲ್ಲಿನ ಆಯುಕ್ತರು ಕೊರೊನಾ ಕಾರಣಕ್ಕೆ ಚುನಾವಣೆ ಮುಂದೂಡಿದ್ದು ಸರ್ಕಾರಕ್ಕೆ ಹಿಡಿಸಲಿಲ್ಲ. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು ಅವರ ಅವಧಿಯನ್ನೇ ಮೊಟಕು ಮಾಡಿ ಮನೆಗೆ ಕಳಿಸಿದರು. ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಜಗಳ ಅಲ್ಲಿಗೇ ನಿಲ್ಲಲಿಲ್ಲ. ‘ನಮಗೆ ಹಣವನ್ನೇ ಬಿಡುಗಡೆ ಮಾಡುತ್ತಿಲ್ಲ’ ಎಂದು ಆಯೋಗವೇ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಆಯೋಗಕ್ಕೆ ಹಣ ಕೊಡಿ, ನೆರವು ಕೊಡಿ ಎಂದು ನವೆಂಬರಿನಲ್ಲಿ ಕೋರ್ಟು ಸರ್ಕಾರಕ್ಕೆ ಹೇಳಬೇಕಾಯಿತು. ಸಂವಿಧಾನ ಹುಟ್ಟಿಸಿದ ಸಂಸ್ಥೆ ತನ್ನ ಖರ್ಚಿಗೆ ಕೈಚಾಚಿ ನಿಲ್ಲುವುದೆಂದರೆ ಇದಕ್ಕಿಂತ ಅವಮಾನ ಬೇಕೆ?

ತಡ ಮಾಡಿದರೆ ಉಳಿತಾಯವೇ?

‘ಚುನಾವಣೆ ದುಬಾರಿ ಕಣ್ರೀ. ಆ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚಬಹುದು’ ಎನ್ನುವ ಜಾಣರು ನಮ್ಮ ನಡುವೆಯೇ ಇದ್ದಾರೆ. ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಐದು ವರ್ಷ ಚುನಾವಣೆಯ ಖರ್ಚು ‘ಉಳಿಸಿ’ದರಲ್ಲ, ಗುಂಡಿ ಮುಚ್ಚಿದವೇ? ನಿಮ್ಮ ಬೈಕಿನ ಚಕ್ರವನ್ನೇ ಕೇಳಿ.

ತಡ ಮಾಡಿದರೆ ಉಳಿತಾಯವಲ್ಲ, ಇಮ್ಮಡಿ ಖರ್ಚು. ಬೆಂಗಳೂರಿನ ವಾರ್ಡುಗಳ ಕತೆ ಕೇಳಿ. 2015ರಲ್ಲಿ 198 ಇದ್ದವು. 2020ರ ಡಿಸೆಂಬರಿನಲ್ಲಿ ಹೈಕೋರ್ಟು ಆರು ವಾರದಲ್ಲಿ ವೇಳಾಪಟ್ಟಿ ಹೊರಡಿಸಿ, 198 ವಾರ್ಡಿಗೇ ಚುನಾವಣೆ ಮಾಡಿ ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟಿನಲ್ಲಿ ಆ ಆದೇಶಕ್ಕೆ ತಡೆ ಬಂತು. ಬಿಜೆಪಿ ಸರ್ಕಾರ 2022ರಲ್ಲಿ 243 ವಾರ್ಡು ಮಾಡಿತು. ಕಾಂಗ್ರೆಸ್ ಸರ್ಕಾರ ಬಂದು 2023ರಲ್ಲಿ 225 ಮಾಡಿತು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡಿ, ನವೆಂಬರಿನಲ್ಲಿ ಒಟ್ಟು 369 ವಾರ್ಡು ಎಂದರು. ಒಂದೊಂದು ಸಲವೂ ಹೊಸ ನಕ್ಷೆ, ಹೊಸ ಅಧಿಸೂಚನೆ, ಹೊಸ ಆಕ್ಷೇಪಣೆ. ಗೆರೆ ಬದಲಾದಾಗಲೆಲ್ಲ ವಿಧಾನಸಭೆಯ ಮತದಾರರ ಪಟ್ಟಿಯನ್ನು ವಾರ್ಡುವಾರು ಮತ್ತೆ ಒಡೆದು ಜೋಡಿಸಬೇಕು. ಆ ದುಡ್ಡು ಯಾರದು?

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಲ್ಲಿ ಇನ್ನೂ ದೊಡ್ಡ ಅನ್ಯಾಯ. ಅಲ್ಲಿ ಕ್ಷೇತ್ರ ವಿಂಗಡಣೆಯ ಅಧಿಕಾರ ಆಯೋಗಕ್ಕೇ ಇತ್ತು. 2021ರಲ್ಲಿ ಆಯೋಗ ಆ ಕೆಲಸ ಮಾಡಿಯೂ ಇತ್ತು. ಆಗ ಸರ್ಕಾರ ಏನು ಮಾಡಿತು? ಕಾಯ್ದೆಯನ್ನೇ ತಿದ್ದಿ ಆ ಅಧಿಕಾರವನ್ನು ಕಿತ್ತುಕೊಂಡು ಬೇರೊಂದು ಆಯೋಗಕ್ಕೆ ಕೊಟ್ಟಿತು. ಮಾಡಿದ ಅಡುಗೆಯನ್ನು ತಿಪ್ಪೆಗೆ ಸುರಿದು, ಮತ್ತೆ ಒಲೆ ಹೊತ್ತಿಸಿದ ಹಾಗೆ. ಚುನಾವಣಾ ಆಯೋಗ ಕೋರ್ಟಿಗೆ ಹೋಯಿತು. ಈಗ ಒಂದು ತಮಾಷೆ ಗಮನಿಸಿ. ಸರ್ಕಾರದ ವಕೀಲರ ಫೀಜು ನಮ್ಮ ತೆರಿಗೆಯದು. ಆಯೋಗದ ವಕೀಲರ ಫೀಜೂ ನಮ್ಮ ತೆರಿಗೆಯದು. ನಮ್ಮ ಮತವನ್ನು ಕೊಡಿ ಎನ್ನುವವರಿಗೂ ನಾವೇ ಕಾಸು ಕೊಡುತ್ತೇವೆ, ಕೊಡಬೇಡಿ ಎನ್ನುವವರಿಗೂ ನಾವೇ ಕಾಸು ಕೊಡುತ್ತೇವೆ!

ಇಷ್ಟೇ ಅಲ್ಲ. 15ನೇ ಹಣಕಾಸು ಆಯೋಗದ ಅನುದಾನ ಪಂಚಾಯಿತಿಗಳಿಗೆ ಸಿಗಬೇಕಾದರೆ ಅಲ್ಲಿ ಚುನಾಯಿತ ಸಂಸ್ಥೆ ಇರಬೇಕು ಎಂಬುದು ಕೇಂದ್ರದ ಷರತ್ತು. ಚುನಾವಣೆಗೆ ಕಾಸು ಬಿಚ್ಚದವರು ಬರುವ ಕಾಸಿಗೂ ಕಲ್ಲು ಹಾಕಿದರು.

ಖರ್ಚಿನ ಮಾತು ಎತ್ತುವವರಿಗೆ ಇನ್ನೊಂದು ಅಂಕಿ. 2025–26ಕ್ಕೆ ಬೆಂಗಳೂರು ಪಾಲಿಕೆಯ ಬಜೆಟ್ ಸುಮಾರು 19,900 ಕೋಟಿ ರೂಪಾಯಿ. ಅದನ್ನು ಬರೆದವರು ಅಧಿಕಾರಿಗಳು, ಒಪ್ಪಿದವರೂ ಅಧಿಕಾರಿಗಳು. ನೀವು ಆರಿಸಿದ ಒಂದೇ ಒಂದು ಕೈ ಕೂಡ ಆ ಸಭೆಯಲ್ಲಿ ಮೇಲೆದ್ದಿಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಕಸದ ಶುಲ್ಕ ಸೇರಿಸಿದರು. ‘ಏಕಪ್ಪಾ ಇಷ್ಟು?’ ಎಂದು ಸಭೆಯಲ್ಲಿ ಎದ್ದು ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. ಬಾಡಿಗೆ ಮನೆಯಲ್ಲಿದ್ದೇನೆ, ನನಗೇನು ಎನ್ನಬೇಡಿ. ಮಾಲೀಕ ಅದನ್ನು ನಿಮ್ಮ ಬಾಡಿಗೆಗೇ ಸೇರಿಸುತ್ತಾನೆ. ಇಷ್ಟು ದೊಡ್ಡ ಗಂಟಿಗೆ ಕಾವಲುಗಾರರನ್ನು ನೇಮಿಸುವ ಖರ್ಚೇ ಚುನಾವಣೆ. ಕಾವಲುಗಾರನ ಸಂಬಳ ಉಳಿಸಲು ಹೋಗಿ ಕಣಜವನ್ನೇ ತೆರೆದಿಟ್ಟರೆ ಅದನ್ನು ಜಾಣತನ ಅನ್ನುತ್ತೀರಾ?

ಪೇಪರೋ ಯಂತ್ರವೋ?

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಸ್ಥಳೀಯ ಚುನಾವಣೆಗಳನ್ನು ಮತಪತ್ರದಲ್ಲಿ ನಡೆಸುವಂತೆ ಆಯೋಗಕ್ಕೆ ಶಿಫಾರಸು ಮಾಡಿತು. ಕೂಡಲೇ ಟಿವಿಯಲ್ಲಿ ಕೂಗಾಟ. ಒಬ್ಬರು ಯಂತ್ರ ಬೇಡ ಎಂದರು, ಇನ್ನೊಬ್ಬರು ಪೇಪರ್ ಬೇಡ ಎಂದರು. ಯಾವುದು ಒಳ್ಳೆಯದೆಂಬ ಜಗಳ ಬೇರೆ ದಿನ ಆಡೋಣ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆಯಲ್ಲಿ ಯಂತ್ರದಿಂದ, ಉಳಿದೆಡೆ ಮತಪತ್ರದಿಂದ ನಡೆಯಿತು. ಅದೂ ಕೊರೊನಾ ಕಾಲದಲ್ಲಿ. ಎರಡೂ ಸಾಧ್ಯವೆಂದು ನಾಡು ಕಂಡಿದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ದಿಲ್ಲಿ ಆಯೋಗದ ಯಂತ್ರಗಳೇ ಬೇರೆ, ರಾಜ್ಯ ಆಯೋಗ ಬಳಸುವ ಯಂತ್ರಗಳೇ ಬೇರೆ. ಯಂತ್ರವಾದರೆ ಕೊಳ್ಳಬೇಕು, ಇಡಲು ಗೋದಾಮು ಬೇಕು. ಮತಪತ್ರವಾದರೆ ಅಚ್ಚು ಹಾಕಿಸಬೇಕು, ಎಣಿಸಲು ಹೆಚ್ಚು ಜನ ಬೇಕು. ಎರಡಕ್ಕೂ ಹಣ ಬೇಕು, ತಿಂಗಳುಗಟ್ಟಲೆ ಮೊದಲೇ ಬೇಕು. ಗಂಟು ತನ್ನ ಬಳಿ ಇಲ್ಲದ ಆಯೋಗ ಪೇಪರ್ ಎಂದರೂ ಸರ್ಕಾರವನ್ನೇ ಕೇಳಬೇಕು, ಯಂತ್ರ ಎಂದರೂ ಸರ್ಕಾರವನ್ನೇ ಕೇಳಬೇಕು.

ಎಲ್ಲ ಪಕ್ಷವೂ ಒಂದೇ ಪಂಕ್ತಿ

ಇದು ಒಂದು ಪಕ್ಷದ ಪಾಪವಲ್ಲ. ಹಿಂದೆಯೂ 2006ರ ನವೆಂಬರಿನಲ್ಲಿ ಬೆಂಗಳೂರು ಪಾಲಿಕೆಯ ಅವಧಿ ಮುಗಿದಾಗ 2010ರ ಮಾರ್ಚ್‌ವರೆಗೂ ಚುನಾವಣೆ ಮಾಡಲಿಲ್ಲ. ಆಗ ಜನತಾದಳ, ಬಿಜೆಪಿ ಎರಡೂ ಅಧಿಕಾರ ಕಂಡವು. 2020ರಲ್ಲಿ ಬಿಜೆಪಿ, 2023ರಿಂದ ಕಾಂಗ್ರೆಸ್. ವಿಧಾನಸೌಧದಲ್ಲಿ ಕಚ್ಚಾಡುವ ಇವರೆಲ್ಲ ಈ ಒಂದು ವಿಷಯದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು. ವಿರೋಧ ಪಕ್ಷದಲ್ಲಿದ್ದಾಗ ‘ಚುನಾವಣೆ ಯಾವಾಗ?’ ಎನ್ನುತ್ತಾರೆ. ಕುರ್ಚಿ ಸಿಕ್ಕಿದ ಕೂಡಲೇ ‘ವಾರ್ಡ್ ವಿಂಗಡಣೆ’ ಎನ್ನುತ್ತಾರೆ.

ದಿಲ್ಲಿಯವರೂ ಸಾಚಾಗಳೇನಲ್ಲ. ಕೇಂದ್ರ ಚುನಾವಣಾ ಆಯೋಗದ ಖರ್ಚನ್ನು ಭಾರತದ ಸಂಚಿತ ನಿಧಿಯ ಮೇಲೆ ಪ್ರಭೃತಗೊಳಿಸಲು 1994ರಲ್ಲಿ ಒಂದು ಮಸೂದೆ ಬಂದಿತ್ತು. 1996ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಸತ್ತಿತು.  ದಿಲ್ಲಿಯ ಬಲಿಷ್ಠ ಆಯೋಗವೇ ಹೀಗೆ ಬೇಡಬೇಕಾದರೆ ನಮ್ಮ ರಾಜ್ಯ ಆಯೋಗದ ಪಾಡೇನು?

ಹಾಗಾದರೆ ಎಲ್ಲೂ ಸರಿಯಾಗಿ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಪಕ್ಕದ ಕೇರಳ ನೋಡಿ. 1995ರಿಂದ ಅಲ್ಲಿ ಐದು ವರ್ಷಕ್ಕೊಮ್ಮೆ ಸ್ಥಳೀಯ ಚುನಾವಣೆ ನಡೆದಿದೆ. ಕೊರೊನಾ ಇದ್ದ 2020ರ ಡಿಸೆಂಬರಿನಲ್ಲೂ ನಡೆಯಿತು, 2025ರ ಡಿಸೆಂಬರಿನಲ್ಲೂ ನಡೆಯಿತು. ಅಲ್ಲಿ ವಾರ್ಡ್ ವಿಂಗಡಣೆ ಮಾಡುವ ಆಯೋಗದ ಅಧ್ಯಕ್ಷರು ರಾಜ್ಯ ಚುನಾವಣಾ ಆಯುಕ್ತರೇ. ಅಲ್ಲೂ ಪಕ್ಷಗಳಿವೆ, ಅಲ್ಲೂ ಜಗಳವಿದೆ, ಅಲ್ಲೂ ಖಜಾನೆ ತುಂಬಿ ತುಳುಕುತ್ತಿಲ್ಲ. ಆದರೂ ಚುನಾವಣೆ ತಪ್ಪುವುದಿಲ್ಲ. ದೇಶಕ್ಕೆ ಪಂಚಾಯಿತಿಯ ಪಾಠ ಹೇಳಿದ ಕನ್ನಡ ನಾಡು ಇಂದು ನೆರೆಮನೆಯ ಮುಂದೆ ತಲೆತಗ್ಗಿಸಿ ನಿಂತಿದೆ.

ನಾವು ಕೇಳಬೇಕಾದದ್ದು

ಗೆಳೆಯರೇ, ಬರೀ ‘ಚುನಾವಣೆ ಮಾಡಿ’ ಎಂದು ಕೂಗಿದರೆ ಸಾಲದು. ಒಂದು ಚುನಾವಣೆ ಕೋರ್ಟಿನ ಬೈಗುಳಕ್ಕೆ ಹೆದರಿ ನಡೆದೀತು. ಐದು ವರ್ಷದ ನಂತರ ಅದೇ ರಾಗ, ಅದೇ ಹಾಡು. ಬೇರಿಗೇ ಕೈಹಾಕಬೇಕು.

ಒಂದು, ರಾಜ್ಯ ಚುನಾವಣಾ ಆಯೋಗದ ಕಚೇರಿ ವೆಚ್ಚವನ್ನೂ ಸ್ಥಳೀಯ ಚುನಾವಣೆಗಳ ವೆಚ್ಚವನ್ನೂ ರಾಜ್ಯದ ಸಂಚಿತ ನಿಧಿಯ ಮೇಲೆ ಪ್ರಭೃತಗೊಳಿಸಿ ಕಾನೂನು ಮಾಡಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಯಾವ ಖರ್ಚನ್ನು ಪ್ರಭೃತ ಮಾಡಬೇಕೆಂದು ತಾನೇ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 202ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಕೊಟ್ಟಿದೆ.

ಎರಡು, ಚುನಾವಣಾ ನಿಧಿ. ಚುನಾವಣೆ ಬರುವುದು ಐದು ವರ್ಷಕ್ಕೊಮ್ಮೆ ಎಂದು ಎಲ್ಲರಿಗೂ ಗೊತ್ತು. ಊರ ತೇರಿಗೆ ಹಳ್ಳಿಯವರು ಮೊದಲೇ ವಂತಿಗೆ ಎತ್ತಿಡುವುದಿಲ್ಲವೇ? ಹಾಗೆ ಪ್ರತಿ ಬಜೆಟ್‌ನಲ್ಲೂ ಅಂದಾಜು ಖರ್ಚಿನ ಐದನೇ ಒಂದು ಭಾಗವನ್ನು ಎತ್ತಿಟ್ಟು ಆಯೋಗದ ಕೈಗೆ ಕೊಡಬೇಕು. ಆಗ ‘ಕಾಸಿಲ್ಲ’ ಎನ್ನಲು ಬಾಯಿ ಬರುವುದಿಲ್ಲ.

ಮೂರು, ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ ಎರಡೂ ಆಯೋಗದ ಕೆಲಸವಾಗಬೇಕು. ಅವಧಿ ಮುಗಿಯುವ ಒಂದು ವರ್ಷ ಮೊದಲು ಗೆರೆ ಎಳೆದು ಮುಗಿಸಬೇಕು. ಆಮೇಲೆ ಯಾವ ಸರ್ಕಾರ ಬಂದರೂ ಆ ಗೆರೆ ಅಳಿಸುವಂತಿರಬಾರದು.

ನಾಲ್ಕು, ಲೆಕ್ಕ. ಸ್ವಾತಂತ್ರ್ಯ ಕೊಟ್ಟ ಮೇಲೆ ಆಯೋಗವೂ ಜನಕ್ಕೆ ಉತ್ತರ ಹೇಳಬೇಕು. ಯಾವ ವಾರ್ಡಿನ ಚುನಾವಣೆಗೆ ಎಷ್ಟು ಖರ್ಚಾಯಿತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಆರು ತಿಂಗಳೊಳಗೆ ಓದಿದರೆ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಬೇಕು. ಹಣ ನಮ್ಮದು, ಲೆಕ್ಕವೂ ನಮ್ಮ ಭಾಷೆಯಲ್ಲೇ ಇರಲಿ.

ಇನ್ನು ನಮ್ಮ ಪಾಲಿನ ಮಾತು. 2015ರ ಪಾಲಿಕೆ ಚುನಾವಣೆಯಲ್ಲಿ ಬೆಂಗಳೂರಿನ ಅರ್ಧದಷ್ಟು ಮತದಾರರು ಮತಗಟ್ಟೆಯ ಕಡೆ ತಲೆ ಹಾಕಲಿಲ್ಲ. ಇವರಿಗೆ ಬೇಕಿಲ್ಲದ ಮೇಲೆ ನಾವೇಕೆ ಖರ್ಚು ಮಾಡಬೇಕು ಎಂಬ ಧೈರ್ಯ ಆಳುವವರಿಗೆ ಬಂದದ್ದು ಅಲ್ಲಿಂದಲೇ. ವಾರ್ಡಿನ ಪಟ್ಟಿ ತಯಾರಾಗುವುದು ವಿಧಾನಸಭೆಯ ಮತದಾರರ ಪಟ್ಟಿಯಿಂದ. ಅದರಲ್ಲಿ ಹೆಸರಿದೆಯೇ ಎಂದು ಈ ವಾರವೇ ನೋಡಿ. ಇಲ್ಲದಿದ್ದರೆ ನಮೂನೆ 6 ತುಂಬಿ ಕೊಡಿ. ನಿಮ್ಮ ಶಾಸಕನಿಗೆ ಒಂದು ಕಾಗದ ಬರೆಯಿರಿ. ಅದರಲ್ಲಿ ಒಂದೇ ಪ್ರಶ್ನೆ ಇರಲಿ: ‘ಸ್ಥಳೀಯ ಚುನಾವಣೆಯ ಹಣವನ್ನು ಪ್ರಭೃತ ವೆಚ್ಚ ಮಾಡಲು ನೀವು ಒಪ್ಪುತ್ತೀರೋ ಇಲ್ಲವೋ?’ ಹೌದು ಅಥವಾ ಇಲ್ಲ ಎಂದು ಬರಹದಲ್ಲಿ ಉತ್ತರ ಕೇಳಿ. ಬಂದ ಉತ್ತರವನ್ನು ನಿಮ್ಮ ಬೀದಿಯ ಟೀ ಅಂಗಡಿಯ ಗೋಡೆಗೆ ಅಂಟಿಸಿ. ಉತ್ತರ ಬಾರದಿದ್ದರೆ ಖಾಲಿ ಹಾಳೆಯನ್ನೇ ಅಂಟಿಸಿ, ಕೆಳಗೆ ಅವರ ಹೆಸರು ಬರೆಯಿರಿ.

ಮೈಸೂರಿನ ಶಾಯಿ ದೇಶದ ಬೆರಳುಗಳಿಗೆಲ್ಲ ಅಂಟಿದೆ. ಅದು ನಮ್ಮ ಬೆರಳಿಗೆ ಹತ್ತುವ ದಿನವನ್ನು ವಿಧಾನಸೌಧದ ಗಂಟು ನಿರ್ಧರಿಸಬಾರದು. ಐದು ವರ್ಷಕ್ಕೊಮ್ಮೆ ಎಂದು ಸಂವಿಧಾನವೇ ಹೇಳಿದೆ. ಆ ದಿನಕ್ಕೆ ಬೇಕಾದ ಹಣ ಸರ್ಕಾರ ಕೊಡುವ ಭಿಕ್ಷೆಯಲ್ಲ, ನಾವು ಕಟ್ಟಿದ ತೆರಿಗೆ. ಅದನ್ನು ಕೇಳಿ ಪಡೆಯೋಣ.